ಅಪ್ಪನ ಗಾಡಿಯ ತೊಂಬತ್ತು ಮಿಲಿಮೀಟರ್

ನಮ್ಮ ಅಪ್ಪನ ಮೋಟಾರ್‌ಸೈಕಲ್ಲಿನ ಸ್ಟ್ರೋಕ್ ತೊಂಬತ್ತು ಮಿಲಿಮೀಟರ್. ನನ್ನ ಮಾವನವರ ಮೋಟಾರ್‌ಸೈಕಲ್ಲಿನದು ನಲವತ್ತೊಂಬತ್ತು. ಇಬ್ಬರು ಬೀಗರ ನಡುವೆ ಹುಟ್ಟಿದ ತಕರಾರಿಗೆ ಈ ನಲವತ್ತೊಂದು ಮಿಲಿಮೀಟರಿನ ಅಂತರವೇ ಕಾರಣ ಎಂದು ನಾನು ಹೇಳಿದರೆ ನಮ್ಮ ಅತ್ತೆ ಒಪ್ಪುವುದಿಲ್ಲ. ಇಬ್ಬರಿಗೂ ಬೇರೆ ಉದ್ಯೋಗವಿರಲಿಲ್ಲ ಎಂಬುದು ಅವರ ಅಭಿಪ್ರಾಯ.

ನಾನು ಚಿಕ್ಕೋಡಿಯ ಒಂದು ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ವಿಭಾಗಕ್ಕೆ ಪಾಠ ಹೇಳುತ್ತೇನೆ. ಸೀರೆ ಉಟ್ಟು, ಮೇಲೊಂದು ಖಾಕಿ ಕೋಟು ಹಾಕಿಕೊಂಡು ಮೊದಲ ದಿನ ಒಳಗೆ ಹೋದಾಗ, ಹಾಜರಿ ಪುಸ್ತಕ ಒಯ್ಯಲು ಆಫೀಸಿನಿಂದ ಯಾರೋ ಬಂದಿದ್ದಾರೆಂದು ತಿಳಿದ ಇಡೀ ತರಗತಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಬಾಗಿಲು ತೋರಿಸಿತ್ತು. ಈಗ ಅಂಥದ್ದೇನಿಲ್ಲ. ಇಂಜಿನ್ ಬಿಚ್ಚಿದಾಗ ಕಳೆದುಹೋದ ಸಣ್ಣ ವಾಶರ್ ಎಲ್ಲಿ ಬಿದ್ದಿದೆ ಎಂದು ಕೇಳಲು ಎಲ್ಲರೂ ನನ್ನ ಹತ್ತಿರವೇ ಬರುತ್ತಾರೆ.

ನನ್ನ ತವರು ಕಾಗವಾಡ. ಅಪ್ಪನಿಗೆ ಅಲ್ಲಿ ದ್ರಾಕ್ಷಿ ತೋಟ. ಅವರ ಗಾಡಿ ನಾನು ಹುಟ್ಟುವ ಮೊದಲೇ ಮನೆಗೆ ಬಂದದ್ದು. ಅದರ ಮೇಲೆ ದ್ರಾಕ್ಷಿ ಪೆಟ್ಟಿಗೆ ಕಟ್ಟಿಕೊಂಡು ಮಿರಜಿನ ಪೇಟೆಗೆ ಹೋಗಿದ್ದಾರೆ, ನನ್ನನ್ನು ಪರೀಕ್ಷೆಗೆ ಬಿಟ್ಟಿದ್ದಾರೆ, ಒಮ್ಮೆ ಹೆರಿಗೆ ನೋವು ಬಂದ ಪಕ್ಕದ ಮನೆಯವಳನ್ನೂ ಅವಳ ಅತ್ತೆಯನ್ನೂ ಒಟ್ಟಿಗೆ ದವಾಖಾನೆಗೆ ಮುಟ್ಟಿಸಿದ್ದಾರೆ. ತೋಟದ ತಗ್ಗಿನಿಂದ ರಸ್ತೆಗೆ ಏರುವ ಮಣ್ಣಿನ ದಾರಿಯಲ್ಲಿ ನಾಲ್ಕು ಪೆಟ್ಟಿಗೆ ಹೇರಿಕೊಂಡು ಆ ಗಾಡಿ ಗೇರು ಇಳಿಸದೆ ಹತ್ತುತ್ತಿತ್ತು. ಒಂದೊಂದು ಬಡಿತವನ್ನೂ ಎಣಿಸಬಹುದಿತ್ತು. ವೇಗದ ಮುಳ್ಳು ಎಂದೋ ಕೆಟ್ಟು ನಿಂತಿತ್ತು. ಅದನ್ನು ರಿಪೇರಿ ಮಾಡಿಸಬೇಕೆಂದು ಅಪ್ಪನಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಮಾವ ನಿಪ್ಪಾಣಿಯವರು. ತಂಬಾಕು ತುಂಬಿಡುವ ಒಂದು ವಖಾರಿಯಲ್ಲಿ ಮೇಲ್ವಿಚಾರಕರಾಗಿ ಅರ್ಧ ಆಯುಷ್ಯ ಸೀನುತ್ತ ಕಳೆದು ನಿವೃತ್ತರಾದರು. ನಿವೃತ್ತರಾದವರು ಪುರಾಣ ಓದುತ್ತಾರೆ ಅಥವಾ ಮೊಮ್ಮಕ್ಕಳಿಗೆ ಬಯ್ಯುತ್ತಾರೆ. ಮಾವ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ಮೋಟಾರ್‌ಸೈಕಲ್ ತಂದರು. ಕಾಲೇಜು ಹುಡುಗರು ಓಡಿಸುವಂಥದ್ದು. ಮುಂದಕ್ಕೆ ಬಗ್ಗಿ, ಕಾಲು ಹಿಂದಕ್ಕೆ ಮಡಚಿ ಕೂರಬೇಕು. ಅದಕ್ಕಾಗಿ ಅವರು ಧೋತರ ಬಿಟ್ಟು ಎರಡು ಪ್ಯಾಂಟು ಹೊಲಿಸಿದರು. ಟೋಪಿ ಬಿಡಲಿಲ್ಲ, ಅದರ ಮೇಲೆಯೇ ಹೆಲ್ಮೆಟ್ ಹಾಕುತ್ತಿದ್ದರು. ಆ ಗಾಡಿಯ ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳೊಂದಿತ್ತು. ನಿಮಿಷಕ್ಕೆ ಒಂಬತ್ತು ಸಾವಿರಕ್ಕೆ ಅದು ಮುಟ್ಟುವುದನ್ನು ನೋಡುವುದು ಮಾವನ ಮುಖ್ಯ ಸಂತೋಷವಾಗಿತ್ತು.

ನಾನೂ ನನ್ನ ಗಂಡನೂ ಚಿಕ್ಕೋಡಿಯಲ್ಲಿ ಇರುವುದರಿಂದ ಬೀಗರಿಬ್ಬರೂ ಎದುರುಬದುರಾಗುವುದು ನಮ್ಮ ಮನೆಯಲ್ಲೇ. ಒಂದು ಭಾನುವಾರ ಇಬ್ಬರೂ ಒಂದೇ ಹೊತ್ತಿಗೆ ಬಂದರು. ಅಂಗಳದಲ್ಲಿ ಎರಡು ಗಾಡಿಗಳು ಅಕ್ಕಪಕ್ಕ ನಿಂತವು.

ಮಾವ ಚಹಾದ ಬಸಿ ಹಿಡಿದುಕೊಂಡೇ ಶುರು ಮಾಡಿದರು. “ಬೀಗರ, ನಿಮ್ಮ ಗಾಡಿ ಎಲ್ಲಿಗೆ ಹೊಂಟೈತಿ ಅಂತ ಅದಕ್ಕೂ ಗೊತ್ತಿಲ್ಲದಂಗ ಕಾಣತೈತ್ರಿ.”

“ಹೋಗಿ ಮುಟ್ಟತೈತ್ರಿ,” ಎಂದರು ಅಪ್ಪ.

“ಯಾವಾಗ್ರಿ?”

“ಹೋದಾಗ.”

ಮಾವ ನನ್ನ ಕಡೆ ತಿರುಗಿದರು. “ಮೇಡಂ, ನೀವ ಹೇಳ್ರಿ. ಅವರ ಇಂಜಿನ್ ನಮ್ಮದಕ್ಕಿಂತ ದೊಡ್ಡದು ಅಂತೀರಿ. ಮತ್ತ ಓಡಾಕ ಯಾಕ ಒಲ್ಲದು?” ಪಾಠಕ್ಕೆ ಸಂಬಂಧಪಟ್ಟ ಮಾತು ಬಂದರೆ ಮಾತ್ರ ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಉಳಿದ ಹೊತ್ತಿನಲ್ಲಿ ನಾನು ತಂಗಿ.

ನಾನು ಸುಮ್ಮನಿರಬಹುದಿತ್ತು. ಆದರೆ ಪಾಠ ಹೇಳುವವರಿಗೆ ಕೇಳುವವರು ಸಿಕ್ಕರೆ ಬಾಯಿ ನಿಲ್ಲುವುದಿಲ್ಲ. ಸಿಲಿಂಡರಿನೊಳಗೆ ಪಿಸ್ಟನ್ ಕೆಳಗಿನ ತುದಿಯಿಂದ ಮೇಲಿನ ತುದಿಗೆ ಎಷ್ಟು ದೂರ ಓಡುತ್ತದೆಯೋ ಅದೇ ಸ್ಟ್ರೋಕ್ ಎಂದು ಹೇಳಿದೆ. ಆ ವಾರ ನಮ್ಮಲ್ಲೇ ಇದ್ದ ಅತ್ತೆ ಅಡುಗೆಮನೆಯಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದರು. ಅದನ್ನೇ ತೋರಿಸಿದೆ. ಒನಕೆಯನ್ನು ಎತ್ತರಕ್ಕೆ ಎತ್ತಿ ಕುಟ್ಟಿದರೆ ಏಟು ಭಾರಿ, ಆದರೆ ನಿಮಿಷಕ್ಕೆ ಸ್ವಲ್ಪವೇ ಏಟು. ಗೇಣು ಎತ್ತರ ಎತ್ತಿದರೆ ಪಟಪಟ ಕುಟ್ಟಬಹುದು, ಒಂದೊಂದು ಏಟು ಹಗುರ. ಅಪ್ಪನ ಗಾಡಿಯದು ಉದ್ದ ಸ್ಟ್ರೋಕ್. ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನ ತೋಳೂ ಉದ್ದ, ಉದ್ದ ಹಿಡಿಕೆಯ ಪಾನಾ ಹಿಡಿದು ನಟ್ಟು ತಿರುಗಿಸಿದ ಹಾಗೆ. ನಿಧಾನವಾಗಿ ತಿರುಗುವಾಗಲೇ ಅದಕ್ಕೆ ಎಳೆಯುವ ಕಸುವು ಇರುತ್ತದೆ. ಮಾವನ ಗಾಡಿಯ ಸಿಲಿಂಡರ್ ಅಗಲ, ಸ್ಟ್ರೋಕ್ ಗಿಡ್ಡ. ಅಗಲವಿದ್ದಲ್ಲಿ ದೊಡ್ಡ ವಾಲ್ವ್ ಕೂಡಿಸಬಹುದು, ಗಾಳಿ ಬೇಗ ಒಳಗೆ ಬರುತ್ತದೆ, ಬೇಗ ಹೊರಗೆ ಹೋಗುತ್ತದೆ. ಹಾಗಾಗಿ ಅದು ಜೋರಾಗಿ ತಿರುಗಿದಾಗಲೇ ಶಕ್ತಿ ಕೊಡುತ್ತದೆ.

ಇಷ್ಟನ್ನೂ ಕೇಳಿ ಮಾವ ಒಂದೇ ಮಾತಿನಲ್ಲಿ ತಮಗೆ ಬೇಕಾದದ್ದನ್ನು ತೆಗೆದುಕೊಂಡರು. “ಅಂದ್ರ ಬೀಗರದು ಆಕಳು, ನಮ್ಮದು ಕುದುರಿ.”

ನನ್ನ ಗಂಡ ನಕ್ಕರು. ಒಳಗಿನಿಂದ ಅತ್ತೆಯೂ ನಕ್ಕರು. ನಾನೂ ನಕ್ಕೆ. ಅಪ್ಪ ಬಸಿಯಲ್ಲಿ ಉಳಿದ ಚಹಾ ಕುಡಿದು, “ಆಕಳು ಹಾಲು ಕೊಡತೈತ್ರಿ,” ಎಂದು ಎದ್ದು ಹೋದರು. ಒಳ್ಳೆಯ ಉತ್ತರವೇ. ಆದರೆ ಆಗ ಎಲ್ಲರೂ ನಗುತ್ತಿದ್ದದ್ದರಿಂದ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ.

ಮುಂದಿನ ಚಳಿಗಾಲದಲ್ಲಿ ನನ್ನ ಮಗನ ಜಾವಳ. ಮೊದಲ ಕೂದಲು ಯಡೂರಿನ ವೀರಭದ್ರನ ಸನ್ನಿಧಿಯಲ್ಲಿ ತೆಗೆಸಬೇಕೆಂದು ಅತ್ತೆ ಹರಕೆ ಹೊತ್ತಿದ್ದರು. ಎಲ್ಲರೂ ಹಿಂದಿನ ದಿನವೇ ಚಿಕ್ಕೋಡಿಗೆ ಬಂದಿದ್ದರು, ಬೀಗರಿಬ್ಬರೂ ತಮ್ಮ ತಮ್ಮ ಗಾಡಿಗಳ ಮೇಲೆ. ಅಪ್ಪನ ಗಾಡಿ ಓಣಿಗೆ ತಿರುಗಿದಾಗ ನನಗೆ ಗುರುತೇ ಸಿಗಲಿಲ್ಲ. ಸದ್ದು ಒಡೆದ ಡಬ್ಬಿಯ ಹಾಗಿತ್ತು. ಹತ್ತಿರ ಹೋಗಿ ನೋಡಿದರೆ ಸೈಲೆನ್ಸರಿನ ಒಳಗಿನ ಜಾಲರಿ ತೆಗೆಸಿದ್ದಾರೆ. ಕಾರ್ಬ್ಯುರೇಟರಿನಲ್ಲೂ ಯಾರೋ ಕೈಯಾಡಿಸಿದ್ದಾರೆ.

“ಏನ್ ಮಾಡಿಸೀರಿ ಅಪ್ಪಾ ಇದಕ್ಕ?”

“ಮಿರಜ್ಯಾಗ ಒಬ್ಬಾಂವ ಅದಾನ. ಪಿಕಪ್ ಬರತೈತಿ ಅಂದ.”

“ಹೆಚ್ಚು ರೇಸ್ ಕೊಡಬ್ಯಾಡ್ರಿ. ಇದು ಉದ್ದ ಸ್ಟ್ರೋಕಿನ ಇಂಜಿನ್. ಹಂಗ ತಿರುಗೂದಕ್ಕ ಮಾಡಿದ್ದಲ್ಲ.”

“ಹೂಂ,” ಎಂದರು ಅಪ್ಪ. ಬೇಸಾಯ ಇಲಾಖೆಯವರು ಬಂದು ಔಷಧಿಯ ಬಗ್ಗೆ ಉಪದೇಶ ಮಾಡಿ ಹೋಗುವಾಗಲೂ ಅವರು ಹೀಗೇ ಹೂಂ ಎನ್ನುತ್ತಾರೆ.

ಮರುದಿನ ಬೆಳಿಗ್ಗೆ ನಾವೆಲ್ಲ ಬಾಡಿಗೆಯ ಜೀಪಿನಲ್ಲಿ ಮುಂದೆ ಹೊರಟೆವು. ಹೂವಿನ ಹಾರ ಇನ್ನೂ ಬಂದಿರಲಿಲ್ಲ. ಅದನ್ನು ತೆಗೆದುಕೊಂಡು ಹಿಂದಿನಿಂದ ಬರುತ್ತೇವೆ ಎಂದು ಬೀಗರು ಇಬ್ಬರೂ ಒಕ್ಕೊರಲಿನಿಂದ ಹೇಳಿದರು. ಒಂದು ಹಾರ ತರಲು ಇಬ್ಬರು ಯಾಕೆ ಎಂದು ಅತ್ತೆ ಕೇಳಿದರು. ಇಬ್ಬರೂ ಆಗಲೇ ತಮ್ಮ ತಮ್ಮ ಗಾಡಿ ಒರೆಸತೊಡಗಿದ್ದರು.

ದಾರಿಯಲ್ಲಿ ಏನಾಯಿತೆಂಬುದನ್ನು ನಾನು ಇಬ್ಬರ ಬಾಯಿಂದಲೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಪಂದ್ಯ ಎಂಬ ಶಬ್ದವನ್ನು ಇಬ್ಬರೂ ಬಳಸಲಿಲ್ಲ. ಮಾವ ಹೇಳುವ ಪ್ರಕಾರ ಅವರು ಎಂದಿನಂತೆಯೇ ಹೋಗುತ್ತಿದ್ದರು, ಬೀಗರು ಹಿಂದೆ ಬಿದ್ದರು. ಅಪ್ಪ ಹೇಳುವ ಪ್ರಕಾರ ಅವರು ಎಂದಿನಂತೆಯೇ ಹೋಗುತ್ತಿದ್ದರು, ಬೀಗರು ಮುಂದೆ ಓಡಿದರು. ಊರು ದಾಟಿದ ಮೇಲೆ ಮಾವ ಬಹಳ ಮುಂದೆ ಹೋದದ್ದು ನಿಜ. ಆಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಅಡ್ಡ ಬಂತು. ಗೇರು ಇಳಿಸುತ್ತ ಏರಿಸುತ್ತ ಮಾವ ಸಾಲಿನ ಹಿಂದೆ ಸಿಕ್ಕಿಕೊಂಡಾಗ ಅಪ್ಪ ಬಂದು ಮುಟ್ಟಿದರು. ಸಾಲು ದಾಟಿದ ಮೇಲೆ ಎರಡೂ ಕಡೆ ಕಬ್ಬಿನ ಹೊಲ, ನಡುವೆ ನೆಟ್ಟಗಿನ ರಸ್ತೆ. ಅಪ್ಪ ಮೂವತ್ತು ವರ್ಷಗಳಲ್ಲಿ ಮೊದಲ ಸಲ ಎಕ್ಸಿಲರೇಟರನ್ನು ಕೊನೆಯವರೆಗೆ ತಿರುಗಿಸಿದರು, ತಿರುಗಿಸಿದವರು ಬಿಡಲಿಲ್ಲ.

“ಹೆಂಗನಿಸಿತು?” ಎಂದು ನಾನು ಆಮೇಲೆ ಕೇಳಿದ್ದೆ.

“ಕೈ ಜುಂ ಅಂದ್ವು. ಕಣ್ಣಾಗ ನೀರು ಬಂತು. ಚಲೋ ಅನಿಸ್ತು,” ಎಂದಿದ್ದರು.

ಮಾವ ಕನ್ನಡಿಯಲ್ಲಿ ಬೀಗರು ದೊಡ್ಡದಾಗುವುದನ್ನು ನೋಡಿದರು. ಗೇರು ಇಳಿಸಿ, ಮುಳ್ಳನ್ನು ಒಂಬತ್ತು ಸಾವಿರಕ್ಕೆ ಏರಿಸಿದರು. ಮತ್ತೆ ನೋಡಿದಾಗ ಕನ್ನಡಿ ಖಾಲಿ. ಗೆದ್ದೆ ಎಂದುಕೊಂಡು ಹಾಗೇ ಹೋಗಿಬಿಟ್ಟರು.

ಯಡೂರಿನಲ್ಲಿ ಅವರು ಗಾಡಿ ನಿಲ್ಲಿಸಿದ ರೀತಿಯಲ್ಲೇ ನನಗೆ ವಿಷಯ ತಿಳಿಯಿತು. ಹೆಲ್ಮೆಟ್ ತೆಗೆದು, ಕಟ್ಟೆಯ ಮೇಲೆ ಕೂತು, ಟೋಪಿ ಪಕ್ಕಕ್ಕೆ ತೆಗೆದಿಟ್ಟು, “ಬೀಗರು ಬರತಾರ, ನಿಧಾನ,” ಎಂದರು. ಅರ್ಧ ಗಂಟೆಯಾದರೂ ಅಪ್ಪ ಬರಲಿಲ್ಲ. ಫೋನು ಹೋಗುತ್ತಿತ್ತು, ಎತ್ತುತ್ತಿರಲಿಲ್ಲ. ಗಾಡಿಯ ಮೇಲಿದ್ದಾಗ ಅಪ್ಪ ಫೋನು ಎತ್ತುವುದಿಲ್ಲ ಎಂದು ಎಲ್ಲರಿಗೂ ಹೇಳಿದೆ. ನನಗೆ ನಾನೇ ಹೇಳಿಕೊಂಡದ್ದು ಬೇರೆ. ಉದ್ದ ಸ್ಟ್ರೋಕಿನ ಇಂಜಿನ್ ಸುತ್ತು ಮೀರಿ ತಿರುಗಿದರೆ ಏನೇನು ಮುರಿಯುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆಯುವವಳು ನಾನು. ಆ ಪಟ್ಟಿ ಬೇಡವೆಂದರೂ ನೆನಪಿಗೆ ಬಂತು. ಹಿಂದಿನ ಗಾಲಿ ಜಾಮ್ ಆಗುವುದು ಅದರಲ್ಲಿ ಮೂರನೆಯದು.

ಮಾವ ನನ್ನ ಮುಖ ನೋಡಿದರು. ಎದ್ದು, ಹೆಲ್ಮೆಟ್ ಹಾಕಿಕೊಂಡು, ಬಂದ ದಾರಿಯಲ್ಲೇ ಹೋದರು. ಟೋಪಿ ಕಟ್ಟೆಯ ಮೇಲೆಯೇ ಉಳಿಯಿತು.

ಅಪ್ಪ ಕಬ್ಬಿನ ಹೊಲದ ಬದುವಿನ ಮೇಲೆ ಕೂತಿದ್ದರು. ಗಾಡಿ ಹೊಲದ ಕಾಲುವೆಯಲ್ಲಿ ಅಡ್ಡ ಬಿದ್ದಿತ್ತು. ದಢ್ ಎಂಬ ಸದ್ದಾಗಿ ಹಿಂದಿನ ಗಾಲಿ ಜಾಮ್ ಆಗಿತ್ತು, ಅಪ್ಪ ಕ್ಲಚ್ ಹಿಡಿದು ಹೇಗೋ ಎಳೆದುಕೊಂಡು ಹೋಗಿ ಕಬ್ಬಿನೊಳಗೆ ನುಗ್ಗಿಸಿದ್ದರು. ಮೊಣಕೈ ತರಚಿತ್ತು, ಅಂಗಿ ಹರಿದಿತ್ತು. ಫೋನು ಬಿದ್ದಲ್ಲೇ, ಕಬ್ಬಿನ ಒಣ ಗರಿಗಳ ರವದಿಯೊಳಗೆ ಎಲ್ಲೋ ರಿಂಗಾಗುತ್ತಿತ್ತು. ಮಾವ ಮೊದಲು ಕೇಳಿದ್ದು, “ಬೀಗರ, ಕೈಕಾಲು ಸರಿ ಅದಾವಿಲ್ರಿ?” ಎಂದು. ಆಮೇಲೆ ತಮ್ಮ ಬಾಟಲಿಯ ನೀರಿನಿಂದ ಮೊಣಕೈ ತೊಳೆದು, ಅಪ್ಪನ ತಲೆಯಲ್ಲಿ ಸಿಕ್ಕಿಕೊಂಡಿದ್ದ ಕಬ್ಬಿನ ಒಣ ರವದಿಯನ್ನು ಒಂದೊಂದಾಗಿ ತೆಗೆದರಂತೆ. ಇದನ್ನು ಅಪ್ಪ ಹೇಳಿದರು. ಮಾವ ಈ ಭಾಗವನ್ನು ಹೇಳುವುದೇ ಇಲ್ಲ.

ಜಾವಳದ ಮುಹೂರ್ತ ಮೀರುತ್ತಿತ್ತು. ಆದ್ದರಿಂದ ಅಪ್ಪನ ಗಾಡಿಗೆ ಹಗ್ಗ ಕಟ್ಟಿ ತಮ್ಮ ಗಾಡಿಯಿಂದ ಎಳೆಯಲು ಮಾವ ತೀರ್ಮಾನಿಸಿದರು. ಒಬ್ಬ ರೈತ ಗಾಡಿ ಮೇಲೆತ್ತಲು ಕೈಹಾಕಿ ಹಗ್ಗ ಕೊಟ್ಟ. ಮಾವನ ಇಂಜಿನ್ನಿಗೆ ನಿಧಾನದಲ್ಲಿ ಕಸುವಿಲ್ಲ. ಕ್ಲಚ್ ಬಿಟ್ಟ ಕೂಡಲೇ ನಿಂತುಹೋಯಿತು. ಎರಡನೆಯ ಸಲವೂ ನಿಂತಿತು. ಮೂರನೆಯ ಸಲ ಮುಳ್ಳನ್ನು ಆರು ಸಾವಿರಕ್ಕೆ ಏರಿಸಿ, ಕ್ಲಚ್ಚನ್ನು ಅರ್ಧ ಹಿಡಿದು ಎಳೆದರು. ಹತ್ತು ಮಾರು ಹೋದ ಮೇಲೆ ಸುಟ್ಟ ವಾಸನೆ ಬಂತು. ಇಂಜಿನ್ ಕೂಗುತ್ತಲೇ ಇತ್ತು, ಗಾಡಿ ಮಾತ್ರ ಹೋಗಲೊಲ್ಲದು. ಕ್ಲಚ್ ಪ್ಲೇಟು ಮುಗಿದಿತ್ತು.

ಕಾರ್ಖಾನೆಗೆ ಕಬ್ಬು ಹಾಕಿ ಖಾಲಿ ಬರುತ್ತಿದ್ದ ಒಂದು ಟ್ರ್ಯಾಕ್ಟರ್ ನಿಂತಿತು. ಚಾಲಕ ಇಳಿದು ಎರಡೂ ಗಾಡಿ ನೋಡಿದ.

“ಎರಡೂ ಕೆಟ್ಟಾವೇನ್ರಿ?”

“ಅವರದು ಕೆಟ್ಟೈತಿ. ನಂದು ಕೆಟ್ಟಿಲ್ಲ, ಹೋಗವಲ್ದು ಅಷ್ಟ,” ಎಂದರು ಮಾವ.

ಇತ್ತ ಯಡೂರಿನಲ್ಲಿ, ಸೋದರಮಾವನಾದ ನನ್ನ ತಮ್ಮನ ತೊಡೆಯ ಮೇಲೆ ಮಗನನ್ನು ಕೂಡಿಸಿ ಜಾವಳ ಮುಗಿಸಿದ್ದೆವು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಟ್ರ್ಯಾಕ್ಟರ್ ಬಂತು. ಎರಡು ಗಾಡಿಗಳು ಟ್ರೇಲರಿನಲ್ಲಿ ಮಲಗಿದ್ದವು. ಬೀಗರಿಬ್ಬರೂ ಚಾಲಕನ ಎಡಬಲದ ಮಡ್‌ಗಾರ್ಡುಗಳ ಮೇಲೆ ಒಬ್ಬೊಬ್ಬರು ಕೂತಿದ್ದರು. ಅಪ್ಪನ ಗಾಡಿಯ ಚೀಲದಲ್ಲಿ ಉಳಿದಿದ್ದ ಹಾರ ಈಗ ಅಪ್ಪನ ಕೊರಳಲ್ಲಿತ್ತು. ಕೈಯಲ್ಲಿ ಹಿಡಿದರೆ ಬಾಡುತ್ತದೆ ಎಂದು ಮಾವ ಹಾಕಿದ್ದರಂತೆ. ಅತ್ತೆ ಇಬ್ಬರನ್ನೂ ನೋಡಿ, “ಕೂಸಿಗೆ ಕೂದಲಾ ಮತ್ತ ಬರತಾವ, ನಿಮಗ ಬುದ್ಧಿ?” ಎಂದಷ್ಟೇ ಹೇಳಿ ಬಡಿಸಲು ಹೋದರು. ನಾನು ಅಪ್ಪನ ಮೊಣಕೈ ಹಿಡಿದುಕೊಂಡೆ. ಬಯ್ಯಬೇಕೆಂದು ಬಹಳ ಹೊತ್ತಿನಿಂದ ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಬಿಟ್ಟು ಗಾಯಕ್ಕೆ ಅರಿಶಿನ ಹಚ್ಚಿದೆ.

ಮರುವಾರ ಅಪ್ಪನ ಇಂಜಿನ್ನನ್ನು ಪ್ರಾಚಾರ್ಯರ ಅನುಮತಿ ಪಡೆದು ನಮ್ಮ ವರ್ಕ್‌ಶಾಪಿನಲ್ಲೇ ಬಿಚ್ಚಿಸಿದೆ. ಅಪ್ಪನೂ ಬಂದಿದ್ದರು. ಕುರ್ಚಿ ಹಾಕಿಸಿದರೆ ಕೂರದೆ ತರಗತಿಯ ಹಿಂದೆ ಟೋಪಿ ಕೈಯಲ್ಲಿ ಹಿಡಿದು ನಿಂತರು. ಪಿಸ್ಟನ್ ಒಡೆದಿತ್ತು. ಕನೆಕ್ಟಿಂಗ್ ರಾಡ್ ಬಾಗಿತ್ತು, ಅದರ ಬುಡದ ಬೇರಿಂಗ್ ಪುಡಿಯಾಗಿತ್ತು. ನಾನು ಬೋರ್ಡಿನ ಮೇಲೆ ಲೆಕ್ಕ ಹಾಕಿದೆ. ಕ್ರ್ಯಾಂಕ್ ಒಂದು ಸುತ್ತು ಹಾಕಿದರೆ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಓಡುತ್ತದೆ. ಉದ್ದ ಸ್ಟ್ರೋಕಿನದು ನೂರ ಎಂಬತ್ತು ಮಿಲಿಮೀಟರ್ ಓಡಬೇಕು, ಗಿಡ್ಡ ಸ್ಟ್ರೋಕಿನದು ತೊಂಬತ್ತೆಂಟು. ಮೊದಲನೆಯದು ನಿಮಿಷಕ್ಕೆ ಐದು ಸಾವಿರ ಸುತ್ತು ತಿರುಗಿದರೆ ಅದರ ಪಿಸ್ಟನ್ ಒಂಬೈನೂರು ಮೀಟರ್ ಓಡಿತು. ಎರಡನೆಯದು ಒಂಬತ್ತು ಸಾವಿರ ಸುತ್ತು ತಿರುಗಿದರೂ ಎಂಟುನೂರ ಎಂಬತ್ತೆರಡೇ ಮೀಟರ್. ಅಂದರೆ ನಿಧಾನ ಅನ್ನಿಸುವ ಇಂಜಿನ್ನಿನೊಳಗಿನ ಪಿಸ್ಟನ್ ಹೆಚ್ಚು ಓಡುತ್ತಿದೆ. ಅದೂ ದಪ್ಪದ್ದು, ಭಾರದ್ದು. ಪ್ರತಿ ತುದಿಯಲ್ಲೂ ನಿಂತು, ತಿರುಗಿ, ಮತ್ತೆ ಓಡಬೇಕು. ಅದನ್ನು ನಿಲ್ಲಿಸಿ ತಿರುಗಿಸುವ ಎಳೆತವೆಲ್ಲ ಬೀಳುವುದು ರಾಡಿನ ಮೇಲೆ.

ಪ್ರಶ್ನೆ ಇದೆಯೇ ಎಂದು ಕೇಳಿದೆ. ಅಪ್ಪ ಕೈ ಎತ್ತಿದರು. ತರಗತಿ ಹಿಂದಕ್ಕೆ ತಿರುಗಿ ನೋಡಿತು.

“ಅಂದ್ರ ನನ್ನ ಗಾಡಿ ಮೈಗಳ್ಳ ಅಲ್ಲ?”

“ಅಲ್ಲ ಅಪ್ಪಾ. ಒಂದೊಂದು ಸುತ್ತಿಗೂ ಅದು ಮೊದಲಿನಿಂದ ಹೆಚ್ಚು ಓಡಾಕತ್ತಿತ್ತು. ಹೊರಗ ಕಾಣತಿರಲಿಲ್ಲ.”

ಅವರು ತಲೆಯಾಡಿಸಿ ಕೈ ಇಳಿಸಿದರು.

ತರಗತಿ ಮುಗಿದ ಮೇಲೆ ನಳದ ಹತ್ತಿರ ಇಬ್ಬರೂ ಕೈ ತೊಳೆಯುತ್ತಿದ್ದೆವು. ಆಗ ಕೇಳಿದೆ, “ಗೊತ್ತಿದ್ದೂ ಯಾಕ ಹಂಗ ಓಡಿಸಿದ್ರಿ?”

ಅಪ್ಪ ಉಗುರಿನ ಎಣ್ಣೆ ತಿಕ್ಕಿದರು. “ಅವತ್ತ ಎಲ್ಲಾರೂ ನಕ್ರು. ಬೀಗರು ನಗಲಿ, ಅವರ ಮಾತ ಹಂಗ. ನೀನೂ ನಕ್ಕಿ. ನಿನ್ನ ಗಂಡನ ಮನ್ಯಾಗ ನಿನ್ನ ಅಪ್ಪನ ಕಿಮ್ಮತ್ತು ಇಷ್ಟ ಐತಿ ಅಂತ ನಿನಗೂ ಅನಿಸ್ತು ಅಂತ ತಿಳಕೊಂಡ್ನಿ.”

ನಾನು ನಕ್ಕದ್ದು ಆಕಳು ಎಂಬ ಮಾತಿಗೆ. ಅಪ್ಪನಿಗೆ ಹಾಗೆ ಹೇಳಲು ಹೋದೆ. ಹೇಳಿದರೂ ಅದರಿಂದ ಏನೂ ಸರಿಯಾಗುತ್ತಿರಲಿಲ್ಲ. “ತಪ್ಪಾತು ಅಪ್ಪಾ,” ಎಂದೆ. ಅವರು, “ಸಾಬೂನು ಕೊಡು,” ಎಂದರು.

ಗಂಡನ ಮುಖಾಂತರವೋ ಅತ್ತೆಯ ಮುಖಾಂತರವೋ ಈ ಮಾತು ಮಾವನ ಕಿವಿಗೂ ಹೋಯಿತು. ಅವರು ಯಾವ ಕ್ಷಮೆಯನ್ನೂ ಕೇಳಲಿಲ್ಲ. ಇಂಜಿನ್ನಿಗೆ ಹೊಸ ರಾಡು, ಹೊಸ ಪಿಸ್ಟನ್ ಹಾಕಿ, ಸಿಲಿಂಡರಿನ ಒಳಮೈ ಕೊರೆಸಿ ಬೋರ್ ಹೊಡೆಸಿ ಮುಗಿಸಿದ ದಿನ, ಹೊಸ ಕ್ಲಚ್ ಹಾಕಿಸಿದ ತಮ್ಮ ಗಾಡಿ ತೆಗೆದುಕೊಂಡು ಬಂದು ನಿಂತರು. ಸ್ಟ್ರೋಕ್ ಮಾತ್ರ ತೊಂಬತ್ತೇ, ಅದು ಬದಲಾಗುವಂಥದ್ದಲ್ಲ. ಹೊಸ ಪಿಸ್ಟನ್ ಪಳಗುವ ತನಕ, ಐನೂರು ಕಿಲೋಮೀಟರು, ನಲವತ್ತರ ಮೇಲೆ ಹೋಗಬಾರದು, ಹತ್ತಿಪ್ಪತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಆರಿಸಬೇಕು ಎಂದು ಅಪ್ಪನಿಗೆ ಹೇಳುತ್ತಿದ್ದೆ.

“ಒಬ್ಬರ ಹ್ಯಾಂಗ ಹೋಗತಾರ?” ಎಂದರು ಮಾವ. “ಅವರ ಗಾಡ್ಯಾಗ ವೇಗದ ಮುಳ್ಳ ಕೆಟ್ಟೈತಿ, ನಲವತ್ತು ಹ್ಯಾಂಗ ತಿಳಿತೈತಿ? ನಡುವ ಕೆಟ್ರ? ನಾನೂ ಹೋಗತೇನಿ.”

“ಎಳಿಯಾಕೇನ್ರಿ ಬೀಗರ?” ಎಂದರು ಅಪ್ಪ.

ಮಾವನ ಮುಖ ಒಂದು ಕ್ಷಣ ಗಟ್ಟಿಯಾಯಿತು. ಆಮೇಲೆ ಇಬ್ಬರೂ ನಕ್ಕರು. ಆ ಸಲ ನಾನು ನಗಲಿಲ್ಲ, ಎಚ್ಚರಿಕೆಯಿಂದ ಕೀಲಿಕೈ ಹುಡುಕುತ್ತಿದ್ದೆ.

ಐನೂರು ಕಿಲೋಮೀಟರು ಮುಗಿಯಲು ಒಂದೂವರೆ ತಿಂಗಳು ಹಿಡಿಯಿತು. ಒಂದು ದಿನ ರಾಯಬಾಗ, ಒಂದು ದಿನ ಅಥಣಿ, ಇನ್ನೊಂದು ದಿನ ಅಲ್ಲಿಂದ ಮುಂದೆ ಅನಂತಪುರವೆಂಬ ಹಳ್ಳಿಯಲ್ಲಿರುವ ಅಪ್ಪನ ದೂರದ ಸಂಬಂಧಿಕರ ಮನೆ. ನಲವತ್ತರ ವೇಗದಲ್ಲಿ ಮೇಲಿನ ಗೇರು ಹಾಕಿದರೆ ಮಾವನ ಇಂಜಿನ್ ಕೆಮ್ಮಿ ನಡುಗುತ್ತದೆ. ಹಾಗಾಗಿ ಅವರು ಇಡೀ ದಾರಿ ಮೂರನೆಯ ಗೇರಿನಲ್ಲೇ ಹೋಗಬೇಕು. ಮಾತಾಡಬೇಕೆಂದರೆ ಅಪ್ಪನ ಸಮಕ್ಕೆ ಬಂದು ಕೂಗಬೇಕು. ಹೀಗೆ ಕೂಗಿ ಕೂಗಿ ಮಾವ ವಖಾರಿಯ ಕಥೆಯನ್ನೆಲ್ಲ ಹೇಳಿದರಂತೆ. ಮೂವತ್ತು ವರ್ಷ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗೇ ಕೂತಿದ್ದೆ, ಗಾಳಿ ಎಂದರೇನು ಎಂದು ಈ ಗಾಡಿಯ ಮೇಲೆ ಕೂತಾಗಲೇ ತಿಳಿಯಿತು ಎಂದು ಅಥಣಿಯ ಹತ್ತಿರ ಚಹಾ ಕುಡಿಯುವಾಗ ಹೇಳಿದರಂತೆ. ಅಪ್ಪ ಅದನ್ನು ನನಗೆ ಹೇಳಿ, “ಪಾಪ, ಓಡಿಸಲಿ ಬಿಡು,” ಎಂದರು.

ಐನೂರು ಮುಗಿದ ಮೇಲೆ ಅಪ್ಪನ ಗಾಡಿಯ ಎಣ್ಣೆ ಇಳಿಸಿ, ಅದರಲ್ಲಿ ಅಯಸ್ಕಾಂತ ಆಡಿಸಿ ನೋಡಿದೆ. ಕಬ್ಬಿಣದ ಪುಡಿ ಬರಲಿಲ್ಲ. ಎಲ್ಲವೂ ಸರಿಯಾಗಿ ಕೂತಿತ್ತು.

“ಇನ್ನ ಅರವತ್ತರ ತನಕ ಹೋಗಬಹುದು ಅಪ್ಪಾ,” ಎಂದೆ.

“ಯಾಕ?” ಎಂದರು.

ಹೊರಗೆ ಮಾವ ಗಾಡಿ ಶುರುಮಾಡಿಕೊಂಡು ಕಾಯುತ್ತಿದ್ದರು. ರಾಯಬಾಗದ ಸಂತೆಯಲ್ಲಿ ಬದನೆ ಸಸಿ ಬಂದಿವೆ ಎಂದು ಯಾರೋ ಹೇಳಿದ್ದರಂತೆ. ಅವರಿಬ್ಬರ ಮನೆಯಲ್ಲೂ ಬದನೆಕಾಯಿ ತಿನ್ನುವವರು ಕಡಿಮೆ. ಇಬ್ಬರೂ ಹೋಗಿ ಎರಡು ಕಟ್ಟು ತಂದರು.